ಸಂಪು, ರಿಲೇ ಮತ್ತು ನೀರು ಬರುವ ದಿನ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಮನೆ ಕಟ್ಟಿಸುವವರು ಪಾಯದ ಜೊತೆಗೇ ಸಂಪಿನ ಗುಂಡಿಯನ್ನೂ ತೋಡಿಸುತ್ತಾರೆ. ಸವದತ್ತಿ ಬಳಿಯ ಮಲಪ್ರಭಾ ಜಲಾಶಯದಿಂದ ಎತ್ತಿ, ಅಮ್ಮಿನಭಾವಿಯಲ್ಲಿ ಶುದ್ಧಗೊಳಿಸಿ ಅವಳಿ ನಗರಕ್ಕೆ ಹಾಯಿಸುವ ನೀರು ಬಹುಪಾಲು ಬಡಾವಣೆಗಳಿಗೆ ವರ್ಷಾನುಗಟ್ಟಲೆ ಸರದಿಯ ಮೇಲೇ ಬಂದಿದೆ. 2008ರಲ್ಲಿ ಕೆಲವೇ ವಾರ್ಡುಗಳಲ್ಲಿ ಇಪ್ಪತ್ನಾಲ್ಕು ತಾಸಿನ ಪೂರೈಕೆ ಶುರುವಾದಾಗ ಅದನ್ನು ನೋಡಲು ಹೊರಗಿನವರು ಬಂದರು. ಆಮೇಲೆ ಕೆಲವು ವರ್ಷಕ್ಕೆ ಇದೇ ಊರಲ್ಲಿ ನೆಕ್ಸ್ಟ್‌ಡ್ರಾಪ್ ಎಂಬ ಸಂಸ್ಥೆ, ವಾಲ್ವ್‌ಮನ್‌ಗಳಿಂದ ಸುದ್ದಿ ಪಡೆದು, ನಳ ಯಾವಾಗ ಬರುತ್ತದೆಂದು ಮನೆಮನೆಗೆ ಎಸ್ಸೆಮ್ಮೆಸ್ ಕಳಿಸುವ ಕೆಲಸಕ್ಕೆ ಕೈಹಾಕಿತು. ಈ ಹಿನ್ನೆಲೆಯನ್ನು ಮರೆತು ಸಂಪಿನ ಮೇಲೆ ಮಟ್ಟ ಅಳೆಯುವ ಅಲ್ಟ್ರಾಸಾನಿಕ್ ಯಂತ್ರ ಕೂರಿಸಿ, ಕಾರ್ಖಾನೆಯವರು ತುಂಬಿ ಕಳಿಸಿದ ಅಂಕಿಗಳನ್ನೇ ಅದರ ರಿಲೇಗಳಿಗೆ, ಅಂದರೆ ಮೋಟರನ್ನೂ ಅಲಾರಂ ಅನ್ನೂ ಹಚ್ಚಿ ಆರಿಸುವ ಸ್ವಿಚ್ಚುಗಳಿಗೆ, ಬಿಟ್ಟರೆ ಯಂತ್ರ ಸರಿಯಾಗಿ ಅಳೆಯುತ್ತದೆ, ಕೆಲಸ ಮಾತ್ರ ತಪ್ಪಾಗಿ ಮಾಡುತ್ತದೆ. ರಿಲೇಯ ಅಂಕಿ ಹುಟ್ಟಬೇಕಾದದ್ದು ನೀರಿನ ಸರದಿಯಿಂದ, ಕೈಪಿಡಿಯಿಂದಲ್ಲ ಎಂಬುದೇ ಇಲ್ಲಿನ ವಾದ.

ಯಂತ್ರಕ್ಕೆ ನೀರಿನ ಆಳ ಗೊತ್ತಿಲ್ಲ ಎಂಬಲ್ಲಿಂದ ಶುರುಮಾಡಬೇಕು. ಅದು ನಮಗೆ ಕೇಳಿಸದ ಸದ್ದನ್ನು ಕೆಳಗೆ ಬಿಟ್ಟು, ನೀರಿಗೆ ಬಡಿದು ಬರುವ ಪ್ರತಿಧ್ವನಿಗೆ ಕಾಯುತ್ತದೆ. 20 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್; ನೀರು ಎರಡು ಮೀಟರ್ ಕೆಳಗಿದ್ದರೆ ಸದ್ದು ಹೋಗಿಬರಲು ಸೆಕೆಂಡಿನ ಸಾವಿರದಲ್ಲಿ ಹನ್ನೆರಡು ಭಾಗದಷ್ಟೂ ಬೇಡ. ಈ ದೂರವನ್ನು ಯಂತ್ರದಿಂದ ಸಂಪಿನ ತಳಕ್ಕಿರುವ ದೂರದಿಂದ ಕಳೆದರೆ ನೀರಿನ ಮಟ್ಟ ಸಿಕ್ಕಿತು. ಸದ್ದು ಬಿಟ್ಟ ಮರುಕ್ಷಣ ಯಂತ್ರದ ಮುಖ ಇನ್ನೂ ಅದುರುತ್ತಿರುವುದರಿಂದ ತೀರ ಹತ್ತಿರದ ಪ್ರತಿಧ್ವನಿ ಅದಕ್ಕೆ ಕೇಳಿಸದು. ಸಣ್ಣ ಯಂತ್ರಗಳಲ್ಲಿ ಈ ಕುರುಡು ಪಟ್ಟಿ 25–30 ಸೆಂಟಿಮೀಟರ್ ಇರುತ್ತದೆ. ಸಂಪಿನ ಮುಚ್ಚಳಕ್ಕೇ ಅಂಟಿಸಿ ಕೂರಿಸಿದರೆ, ಸಂಪು ತುಂಬಿ ತುಳುಕುವ ಹೊತ್ತಿಗೆ ಸರಿಯಾಗಿ ಯಂತ್ರ ಕುರುಡಾಗುತ್ತದೆ. ಒಂದು ಅಡಿ ಎತ್ತರದ ಕೊಳವೆಯ ಮೇಲೆ ಕೂರಿಸುವುದು ಅದಕ್ಕೇ.

ಈಗ ಅಲಾರಂ ರಿಲೇ. ಹನ್ನೆರಡು ಮನೆಗಳ ಅಪಾರ್ಟ್‌ಮೆಂಟ್, ಮನೆಗೆ ನಾಲ್ವರು, ತಲೆಗೆ ದಿನಕ್ಕೆ 135 ಲೀಟರ್ ಎಂಬ ನಮ್ಮ ನಗರಗಳ ಮಾನದಂಡ ಹಿಡಿಯೋಣ. ದಿನಕ್ಕೆ 6,480 ಲೀಟರ್ ಆಯಿತು. ಸಂಪು ಐದು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ ಇದ್ದರೆ ನೀರು ದಿನಕ್ಕೆ ಸುಮಾರು 32 ಸೆಂಟಿಮೀಟರ್ ಇಳಿಯುತ್ತದೆ. ಎರಡು ಮೀಟರ್ ತುಂಬಿದ ಸಂಪಿನಲ್ಲಿ, ನಾಲ್ಕು ದಿನಕ್ಕೊಮ್ಮೆ ನಳ ಬರುವುದಾದರೆ, ಮುಂದಿನ ಸರದಿಯ ಹೊತ್ತಿಗೆ ಉಳಿಯುವುದು 72. ತಳದ 30 ಸೆಂಟಿಮೀಟರನ್ನು ಮೋಟರ್ ಎಳೆಯಲಾರದು, ಎಳೆಯಲೂಬಾರದು. ಈಗ ಅಲಾರಂ ಅನ್ನು ಶೇಕಡಾ 20ಕ್ಕೆ, ಅಂದರೆ 40 ಸೆಂಟಿಮೀಟರಿಗೆ ಬಿಟ್ಟರೆ ಅದು ಕೂಗುವಾಗ ಕೈಯಲ್ಲಿರುವುದು ಬರೀ 10 ಸೆಂಟಿಮೀಟರ್, ಏಳೆಂಟು ತಾಸಿನ ನೀರು. ಅದು ರಾತ್ರಿ ಹತ್ತಕ್ಕೆ ಕೂಗಿದರೆ ಟ್ಯಾಂಕರಿನವರು ಫೋನ್ ಎತ್ತುವ ಮೊದಲೇ ಸಂಪು ಬರಿದು. 65ಕ್ಕೆ ಇಟ್ಟು ನೋಡಿ: ಸರದಿ ಐದು ತಾಸು ತಡವಾದರೆ ಮಾತ್ರ ಕೂಗುತ್ತದೆ, ಆಗಲೂ ಒಂದು ದಿನಕ್ಕೂ ಮಿಕ್ಕಿ ನೀರಿರುತ್ತದೆ. ಹೊರಗೆ ಸೆಂಟಿಮೀಟರಿನಂತೆ ಕಂಡರೂ ಅಲಾರಂನ ಅಂಕಿ ನಿಜಕ್ಕೂ ತಾಸಿನ ಲೆಕ್ಕ. ಬೇಸಿಗೆಯಲ್ಲಿ ಸರದಿ ಐದು ದಿನಕ್ಕೆ ಜಿಗಿದರೆ ಇದೇ 65 ಪ್ರತಿ ಸಲವೂ ಕೂಗಿ ಜನ ಬಜರ್‌ನ ವೈರ್ ಕಿತ್ತಿಡುತ್ತಾರೆ. ಅದು ಜನರ ತಪ್ಪಲ್ಲ. ಸಂಪು ಸಾಲದಾಯಿತೆಂದು ಯಂತ್ರ ಹೇಳುತ್ತಿದೆ, ಇಲ್ಲವೆ ಅಂಕಿ ಹಳತಾಗಿದೆ.

ಮೇಲಿನ ಟ್ಯಾಂಕಿನ ಮೇಲೂ ಇಂಥದೇ ಯಂತ್ರ ಕೂರಿಸಿದರೆ, ಅಲ್ಲಿಗೆ ನೀರೇರಿಸುವ ಮೋಟರಿನ ರಿಲೇಗೆ ಎರಡು ಅಂಕಿ ಬೇಕು: ಎಲ್ಲಿ ಶುರು, ಎಲ್ಲಿ ಬಂದ್. ಇವುಗಳ ನಡುವಿನ ಅಂತರವೇ ಮೋಟರಿನ ಆಯುಷ್ಯ. ಟ್ಯಾಂಕಿನ ಹರವು ಮೂರು ಚದರ ಮೀಟರ್, ಮೋಟರ್ ನಿಮಿಷಕ್ಕೆ 100 ಲೀಟರ್ ಎತ್ತುತ್ತದೆ ಎಂದುಕೊಳ್ಳಿ. ಅಂತರ ಎರಡೇ ಸೆಂಟಿಮೀಟರ್ ಆದರೆ ನಡುವೆ 60 ಲೀಟರ್ ಅಷ್ಟೆ. ಮನೆಗಳ ಬಳಕೆ ಮೋಟರ್ ಎತ್ತುವುದರ ಅರ್ಧಕ್ಕೆ ಬಂದಾಗ ಪೇಚು ಅತಿ ಹೆಚ್ಚು: ಸುಮಾರು ಎರಡೂವರೆ ನಿಮಿಷಕ್ಕೊಮ್ಮೆ, ತಾಸಿಗೆ ಇಪ್ಪತ್ತೈದು ಸಲ ಮೋಟರ್ ಹತ್ತುತ್ತದೆ. ಹತ್ತುವ ಗಳಿಗೆಯಲ್ಲಿ ಅದು ಓಡುವಾಗಿನ ಐದಾರು ಪಟ್ಟು ಕರೆಂಟ್ ಎಳೆಯುವುದರಿಂದ ವೈಂಡಿಂಗ್ ಸುಡುವುದು ಓಡಿ ಅಲ್ಲ, ಹತ್ತಿ ಹತ್ತಿ. ಅಂತರವನ್ನು 40 ಸೆಂಟಿಮೀಟರಿಗೆ ಹಿಗ್ಗಿಸಿದರೆ ಅದೇ ಬಳಕೆಯಲ್ಲಿ ಮುಕ್ಕಾಲು ತಾಸಿಗೊಮ್ಮೆ ಹತ್ತಿದರೆ ಸಾಕು. ಟ್ಯಾಂಕನ್ನು ಸದಾ ತುಂಬಿಡಬೇಕೆಂಬ ಆಸೆಯೇ ಅಂತರವನ್ನು ಕಿರಿದುಮಾಡಿಸುತ್ತದೆ. ಸಂಪಿನಲ್ಲಿರುವ ನೀರೂ ನಮ್ಮದೇ ಅಲ್ಲವೆ?

ಬಂದ್ ಆಗುವ ಅಂಕಿಯನ್ನು ಅಂಚಿಗೆ ಒತ್ತಿ ಇಡಬಾರದೆಂಬುದಕ್ಕೆ ನಮ್ಮ ಬಿಸಿಲೂ ಒಂದು ಕಾರಣ. ಒಂದು ಡಿಗ್ರಿ ಏರಿದರೆ ಸದ್ದಿನ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ಹೆಚ್ಚುತ್ತದೆ. ಇದನ್ನು ಸರಿದೂಗಿಸಲು ಯಂತ್ರದೊಳಗೇ ಉಷ್ಣಮಾಪಕ ಇದೆ, ನಿಜ. ಆದರೆ ಏಪ್ರಿಲ್ ಮಧ್ಯಾಹ್ನ ಮಾಳಿಗೆಯ ಮೇಲೆ ಬಿಸಿಲಿಗೆ ಕಾದ ಯಂತ್ರ ಅಳೆಯುವುದು ತನ್ನ ಮೈಬಿಸಿಯನ್ನು. ಟ್ಯಾಂಕಿನೊಳಗೆ ನೀರಿನ ಮೇಲಿನ ಗಾಳಿ ಅಷ್ಟು ಕಾದಿರುವುದಿಲ್ಲ. ಸದ್ದು ನಿಜಕ್ಕಿಂತ ವೇಗವಾಗಿ ಹೋಯಿತೆಂದು ತಿಳಿದು ಯಂತ್ರ ದೂರವನ್ನು ಹೆಚ್ಚೆಂದು, ಅಂದರೆ ನೀರನ್ನು ಕಡಿಮೆಯೆಂದು ಎಣಿಸುತ್ತದೆ. ಇಪ್ಪತ್ತು ಡಿಗ್ರಿ ವ್ಯತ್ಯಾಸಕ್ಕೆ ಮೀಟರಿಗೆ ಮೂರೂವರೆ ಸೆಂಟಿಮೀಟರ್ ತಪ್ಪು. ಅಂಚಿನಲ್ಲಿ ಬಿಡುವೇ ಇಡದಿದ್ದರೆ ಮೋಟರ್ ನಿಲ್ಲುವ ಮೊದಲೇ ಟ್ಯಾಂಕ್ ಹೊರಗೆ ಸುರಿಯಬಹುದು. ಒಂದು ತಗಡಿನ ನೆರಳು, ಜೊತೆಗೆ ಐದಾರು ಸೆಂಟಿಮೀಟರ್ ಬಿಡುವು, ಇಷ್ಟಕ್ಕೆ ತೊಂದರೆ ತೀರುತ್ತದೆ.

ಇಷ್ಟೆಲ್ಲ ಯಾಕೆ, ನಾಲ್ಕು ನೂರು ರೂಪಾಯಿಯ ಫ್ಲೋಟ್ ಸಾಕಲ್ಲ ಎಂದು ಕೇಳುವವರಿದ್ದಾರೆ. ಒಂದು ಮನೆಗೆ ಸಾಕು. ಆದರೆ ಫ್ಲೋಟಿನ ಅಂತರ ಅದರ ವೈರಿನ ಉದ್ದಕ್ಕೆ ಕಟ್ಟುಬಿದ್ದಿರುತ್ತದೆ; ಸರದಿ ಬದಲಾದಾಗ ಯಾರೋ ಸಂಪಿಗಿಳಿಯಬೇಕು. ಜೊತೆಗೆ ಅದು ಎರಡೇ ಮಾತು ಬಲ್ಲದು, ಮೂರು ದಿನದ ನೀರಿದೆಯೋ ಒಂದು ದಿನದ್ದೋ ಹೇಳಲಾರದು. ಹಾಗೆಂದು ಫ್ಲೋಟನ್ನು ಕಿತ್ತೆಸೆಯಬೇಕಿಲ್ಲ. ಟ್ಯಾಂಕಿನ ಬಾಯಿಯ ಹತ್ತಿರ ಒಂದನ್ನು ತೂಗಿಬಿಟ್ಟು ಮೋಟರಿನ ಕಾಂಟ್ಯಾಕ್ಟರ್ ವೈರಿನಲ್ಲೇ ಸೇರಿಸಿದರೆ, ಯಂತ್ರ ಕೈಕೊಟ್ಟ ದಿನ ಅದೇ ಕಾಯುತ್ತದೆ.

ಯಂತ್ರ ಕೈಕೊಡುವುದೂ ಉಂಟು. ಸಂಪಿನ ಇಲ್ಲವೆ ಟ್ಯಾಂಕಿನ ಆವಿ ಅದರ ಮುಖದ ಮೇಲೆ ಹನಿಗಟ್ಟಿ, ಇಲ್ಲವೆ ಬೀಳುವ ಧಾರೆಗೆ ನೀರು ನೊರೆಯೆದ್ದು ಪ್ರತಿಧ್ವನಿ ಕಳೆದುಹೋಗುತ್ತದೆ. ಆಗ ರಿಲೇ ಏನು ಮಾಡಬೇಕೆಂಬ ಆಯ್ಕೆ ಮೆನುವಿನ ಕೊನೆಯಲ್ಲಿ ಅವಿತಿರುತ್ತದೆ. ಕೂರಿಸುವವರು ಅಲ್ಲಿವರೆಗೆ ಹೋಗುವುದು ಕಡಿಮೆ. ‘ಇದ್ದಂತೆ ಇರಲಿ’ ಎಂದು ಬಿಟ್ಟರೆ ಓಡುತ್ತಿದ್ದ ಮೋಟರ್ ಓಡುತ್ತಲೇ ಇರುತ್ತದೆ, ನಾಲ್ಕು ದಿನಕ್ಕೆಂದು ಕೂಡಿಟ್ಟ ನೀರು ಬೆಳಗಾಗುವುದರೊಳಗೆ ಚರಂಡಿ ಸೇರುತ್ತದೆ. ಸರದಿಯ ನೀರಿನ ಊರಿನಲ್ಲಿ ಸರಿಯಾದ ಆಯ್ಕೆ ಒಂದೇ: ಅರ್ಧ ನಿಮಿಷ ಕಾದು ಮೋಟರ್ ಬಂದ್, ಅಲಾರಂ ಚಾಲೂ. ನೆಲಮಾಳಿಗೆಯ ಕೊಳಚೆ ಗುಂಡಿಯದು ತಿರುವುಮುರುವು. ಅಲ್ಲಿ ಮೋಟರ್ ನಿಂತರೆ ಕೊಳಚೆ ಮೇಲೇರುತ್ತದೆ. ಅಲಾರಂ ರಿಲೇಯ ಸುರುಳಿಗೆ ಎಲ್ಲ ಸರಿಯಿದ್ದಾಗ ಕರೆಂಟ್ ಇರಬೇಕು, ಕೆಟ್ಟಾಗ ಹೋಗಬೇಕು. ಹಾಗಿದ್ದರೆ ವೈರನ್ನು ಇಲಿ ಕಡಿದರೂ ಬಜರ್ ಕೂಗುತ್ತದೆ, ಬಜರ್ ಮಾತ್ರ ಇನ್ವರ್ಟರಿನ ಮೇಲಿರಬೇಕು.

ಅಂಕಿ ತುಂಬಿದ ಮೇಲೆ ಯಂತ್ರದ ಕೆಳಗೆ ಒಂದು ಹಲಗೆ ಹಿಡಿದು ನಿಧಾನಕ್ಕೆ ಮೇಲಕ್ಕೆತ್ತಿ, ಇಳಿಸಿ. ಬರೆದುಕೊಂಡ ಅಂಕಿಗಳಲ್ಲಿ ಒಳಗೆ ‘ಟಕ್’ ಎನ್ನಬೇಕು. ಆಮೇಲೆ ಮೋಟರ್ ಓಡುತ್ತಿರುವಾಗಲೇ ಯಂತ್ರದ ವೈರ್ ಬಿಚ್ಚಿ, ಗಡಿಯಾರ ನೋಡುತ್ತ ನಿಂತುಕೊಳ್ಳಿ.