ಬೊಜ್ಜಿನ ಶಸ್ತ್ರಚಿಕಿತ್ಸೆ: ಪೂರ್ವಕರ್ಮದ ಮಾತು

ತೂಕ ಇಳಿಸುವ ಶಸ್ತ್ರಚಿಕಿತ್ಸೆ ಎಂದೊಡನೆ ನಮ್ಮಲ್ಲಿ ಅನೇಕರ ಕಣ್ಣಮುಂದೆ ಬರುವ ಚಿತ್ರ, ವೈದ್ಯರು ಹೊಟ್ಟೆಯ ಮೇಲಿನ ಕೊಬ್ಬನ್ನು ಬೆಣ್ಣೆಯಂತೆ ಕೊಯ್ದು ತೆಗೆಯುವುದು. ವಸ್ತುಸ್ಥಿತಿ ಹಾಗಿಲ್ಲ. ಶಸ್ತ್ರ ಮುಟ್ಟುವುದು ಜಠರವನ್ನು. ಒಂದು ವಿಧಾನದಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ಉದ್ದಕ್ಕೆ ಕತ್ತರಿಸಿ ತೆಗೆದು, ಉಳಿದುದನ್ನು ಅಂಗಿಯ ತೋಳಿನಂಥ ಕೊಳವೆಯಾಗಿ ಮಾಡುತ್ತಾರೆ. ‘ಸ್ಲೀವ್’ ಎಂಬ ಹೆಸರು ಅದರಿಂದಲೇ ಬಂತು. ಇನ್ನೊಂದರಲ್ಲಿ ಜಠರದ ಮೇಲ್ತುದಿಯಲ್ಲಿ ಪುಟ್ಟ ಚೀಲವೊಂದನ್ನು ಬೇರ್ಪಡಿಸಿ ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ, ಇದು ‘ಬೈಪಾಸ್’. ಇದರ ಮೊದಲ ರೂಪವನ್ನು 1966ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಮೇಸನ್ ಎಂಬ ವೈದ್ಯರು ಆರಂಭಿಸಿದರು. ಎರಡರಲ್ಲಿಯೂ ಊಟದ ಪ್ರಮಾಣ ತಗ್ಗುವುದಲ್ಲದೆ, ಹಸಿವನ್ನು ಎಬ್ಬಿಸುವ ಹಾರ್ಮೋನುಗಳ ನಡೆಯೂ ಬದಲಾಗುತ್ತದೆ.

ಈ ವೈದ್ಯಶಾಖೆಯನ್ನು ‘ಬೇರಿಯಾಟ್ರಿಕ್’ ಎನ್ನುತ್ತಾರೆ. ಗ್ರೀಕಿನ ‘ಬಾರೋಸ್’ ಎಂದರೆ ತೂಕ. ಕಿವಿಗೆ ನಮ್ಮ ‘ಭಾರ’ದಂತೆ ಕೇಳಿಸಿದರೂ, ಅದರ ನಿಜವಾದ ಬಂಧು ಸಂಸ್ಕೃತದ ‘ಗುರು’ ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಪ್ರಸ್ತಾರ ಹಾಕಿಸಿ ಲಘುಗುರುಗಳನ್ನು ಎಣಿಸುವುದರಲ್ಲೇ ಉದ್ಯೋಗ ಮುಗಿಸಿದ ನನ್ನಂಥವನಿಗೆ ಈ ನಂಟು ಸೋಜಿಗವೆನಿಸಿತು. ಅದಿರಲಿ.

ಸುಶ್ರುತ ಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯದಲ್ಲಿ ಚಿಕಿತ್ಸೆಯನ್ನು ಪೂರ್ವಕರ್ಮ, ಪ್ರಧಾನಕರ್ಮ, ಪಶ್ಚಾತ್ಕರ್ಮ ಎಂದು ಮೂರಾಗಿ ವಿಂಗಡಿಸಿದೆ. ನಾನು ಇಂದು ಹೇಳಹೊರಟಿರುವುದು ಮೊದಲನೆಯದನ್ನು ಕುರಿತು. ಪ್ರಧಾನಕರ್ಮ ಒಂದೆರಡು ಗಂಟೆಗಳಲ್ಲಿ ಮುಗಿದೀತು. ಪೂರ್ವಕರ್ಮಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಇದನ್ನು ಕಚೇರಿಯ ಅರ್ಜಿ ನಮೂನೆಗಳಂತೆ ಹೇಗಾದರೂ ದಾಟಿಬಿಡಬೇಕಾದ ಅಡ್ಡಿಯೆಂದು ಬಗೆಯುವವರೇ ಹೆಚ್ಚು. ನನ್ನ ತಿಳಿವಳಿಕೆಯಲ್ಲಿ ಚಿಕಿತ್ಸೆಯ ಅರ್ಧಭಾಗ ನಡೆದುಹೋಗುವುದು ಇಲ್ಲಿಯೇ.

ನಾನು ವೈದ್ಯನಲ್ಲ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬರು, ಈಗ ಪ್ರೌಢಶಾಲೆಯ ಅಧ್ಯಾಪಕಿ, ಈ ಹಾದಿಯಲ್ಲಿ ನಡೆದಾಗ ಹಿರಿಯನೆಂಬ ನೆಪದಲ್ಲಿ ಜೊತೆಗಿದ್ದು ಕಂಡದ್ದನ್ನೂ, ವೈದ್ಯರಿಂದ ಕೇಳಿ ತಿಳಿದದ್ದನ್ನೂ ಹೇಳುತ್ತಿದ್ದೇನೆ. ಅವರ ಎತ್ತರ 165 ಸೆಂಟಿಮೀಟರ್, ತೂಕ 118 ಕಿಲೋ. ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಬಿ.ಎಂ.ಐ.; ಅವರದು 43 ದಾಟಿತ್ತು. 1991ರಲ್ಲಿ ಅಮೆರಿಕದ ತಜ್ಞರು ಹಾಕಿದ ಗೆರೆ 40, ಬೇರೆ ಗಂಭೀರ ಕಾಯಿಲೆಗಳಿದ್ದರೆ 35. 2022ರಲ್ಲಿ ಅಮೆರಿಕದ ಹಾಗೂ ಅಂತರರಾಷ್ಟ್ರೀಯ ಶಸ್ತ್ರವೈದ್ಯ ಸಂಘಗಳು ಅದನ್ನು 35ಕ್ಕೆ, ಸಕ್ಕರೆ ಕಾಯಿಲೆಯಿದ್ದವರಿಗೆ 30ಕ್ಕೆ ಇಳಿಸಿದವು. ಏಷ್ಯದವರಿಗೆ ಕಡಿಮೆ ತೂಕದಲ್ಲಿಯೇ ರೋಗಗಳು ಅಂಟಿಕೊಳ್ಳುವುದರಿಂದ 27.5ರಿಂದಲೇ ಯೋಚಿಸಬಹುದೆಂದೂ ಹೇಳಿದವು. ಆದರೆ ವಿಮಾ ಕಂಪನಿಯ ಲೆಕ್ಕ ಬೇರೆ. ನಮ್ಮ ದೇಶದ ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಗೊತ್ತುಮಾಡಿದ ನಿಯಮದಲ್ಲಿ 40, ಇಲ್ಲವೇ ಹೆಸರಿಸಿದ ಕೆಲವು ತೀವ್ರ ಕಾಯಿಲೆಗಳೊಡನೆ 35 ಎಂದಿದೆ. ವೈದ್ಯರು ಒಪ್ಪಿದವರನ್ನೆಲ್ಲ ವಿಮೆಯೂ ಒಪ್ಪುತ್ತದೆಂದು ನಂಬದೆ, ಮೊದಲೇ ಬರೆಹದಲ್ಲಿ ಒಪ್ಪಿಗೆ ಪಡೆಯುವುದು ಕ್ಷೇಮ.

ಮೊದಲ ಹಂತ ಪರೀಕ್ಷೆಗಳದು. ರಕ್ತ, ಹೃದಯ, ಥೈರಾಯ್ಡ್, ಪಿತ್ತಕೋಶದ ಕಲ್ಲು ಹೀಗೆ ಪಟ್ಟಿ ದೊಡ್ಡದು. ಎಲ್ಲವನ್ನೂ ವಿವರಿಸಿ ನಿಮ್ಮನ್ನು ದಣಿಸಲಾರೆ. ಎರಡನ್ನು ಮಾತ್ರ ಹೇಳುತ್ತೇನೆ. ಗೊರಕೆಯನ್ನು ನಾವು ನಗೆಯ ವಸ್ತುವಾಗಿಸಿಕೊಂಡಿದ್ದೇವೆ. ಸ್ಥೂಲಕಾಯರಲ್ಲಿ ನಿದ್ದೆಯ ನಡುವೆ ಉಸಿರು ಕ್ಷಣಕಾಲ ನಿಂತು ಮತ್ತೆ ಹೊರಡುವ ಕಾಯಿಲೆ ಸಾಮಾನ್ಯ. ಅದು ತಿಳಿಯದೆ ಅರಿವಳಿಕೆ ಕೊಟ್ಟರೆ ಅಪಾಯ. ಆದ್ದರಿಂದಲೇ ಒಂದು ರಾತ್ರಿ ಮೈಗೆ ತಂತಿಗಳನ್ನು ಅಂಟಿಸಿ ನಿದ್ದೆಯನ್ನು ಅಳೆಯುತ್ತಾರೆ. ಎರಡನೆಯದು ಬಿ-12 ಜೀವಸತ್ವ. ಶುದ್ಧ ಶಾಕಾಹಾರಿಗಳಲ್ಲಿ ಇದು ಮೊದಲೇ ಕಡಿಮೆ. ಜಠರ ಕಿರಿದಾದ ಮೇಲೆ ಆಹಾರದಿಂದ ಅದನ್ನು ಹೀರಿಕೊಳ್ಳುವ ಶಕ್ತಿಯೂ ಕುಗ್ಗುತ್ತದೆ. ಕೊರತೆಯನ್ನು ಮೊದಲೇ ತುಂಬಿಸಿಕೊಳ್ಳಬೇಕು. ಜೀವಸತ್ವದ ಮಾತ್ರೆಗಳು ಮುಂದೆ ಬದುಕಿರುವವರೆಗೂ ಜೊತೆಗಿರುತ್ತವೆ ಎಂಬುದನ್ನು ಈಗಲೇ ಒಪ್ಪಿಕೊಂಡಿರಬೇಕು.

ಮನೋವೈದ್ಯರ ಭೇಟಿ ಎಂದಾಗ ಅಧ್ಯಾಪಕಿಯ ಮನೆಯಲ್ಲಿ ಗುಲ್ಲಾಯಿತು. “ಇವಳಿಗೇನು ತಲೆ ಕೆಟ್ಟಿದೆಯೇ?” ಎಂದರು ಅತ್ತೆ. ಅಲ್ಲಿ ಕೇಳುವ ಪ್ರಶ್ನೆಗಳು ಸರಳ: ಬೇಸರವಾದಾಗ ತಿನ್ನುತ್ತೀರೋ, ರಾತ್ರಿ ಎಲ್ಲರೂ ಮಲಗಿದ ಮೇಲೆ ಡಬ್ಬಿಗಳಿಗೆ ಕೈಹಾಕುವುದುಂಟೋ, ಕುಡಿತವುಂಟೋ. ಉತ್ತರಿಸುವುದು ಮಾತ್ರ ಸುಲಭವಲ್ಲ. ತಿನ್ನುವುದರ ಬಗ್ಗೆ ಜೀವನವಿಡೀ ಚುಚ್ಚುಮಾತು ಕೇಳಿದವರು ಮರೆಮಾಚುವುದನ್ನು ಕಲಿತಿರುತ್ತಾರೆ. ಆದರೆ ಇಲ್ಲಿ ಮರೆಮಾಚಿದ್ದು ಮುಂದೆ ಅವರನ್ನೇ ಕಾಡುತ್ತದೆ: ಜಠರ ಕಿರಿದಾದರೂ ದುಃಖ ಕಿರಿದಾಗುವುದಿಲ್ಲವಷ್ಟೆ. ಬೈಪಾಸ್ ಆದವರಿಗೆ ಮದ್ಯ ಬೇಗನೆ ರಕ್ತಕ್ಕೆ ಏರುತ್ತದೆ, ಚಟವಾಗುವ ಭಯವೂ ಹೆಚ್ಚು. ಬೀಡಿ, ಸಿಗರೇಟುಗಳನ್ನು ಕಡೆಯಪಕ್ಷ ಆರು ವಾರ ಮೊದಲೇ ಬಿಡಬೇಕು. ಇಲ್ಲವಾದರೆ ಶ್ವಾಸಕೋಶಕ್ಕೆ ತೊಂದರೆ, ಹೊಲಿದ ಗಾಯ ಮಾಯುವುದೂ ತಡ, ಜೋಡಿಸಿದ ಜಾಗದಲ್ಲಿ ಹುಣ್ಣೂ ಆದೀತು. ಹೆಣ್ಣುಮಕ್ಕಳು ಇನ್ನೊಂದನ್ನು ಯೋಚಿಸಿರಬೇಕು: ಶಸ್ತ್ರಚಿಕಿತ್ಸೆಯಾದ ಮೇಲೆ ಹನ್ನೆರಡರಿಂದ ಹದಿನೆಂಟು ತಿಂಗಳು ಗರ್ಭ ನಿಲ್ಲದಂತೆ ನೋಡಿಕೊಳ್ಳಲು ಹೇಳುತ್ತಾರೆ.

ಇನ್ನು ಊಟದ ಅಭ್ಯಾಸ. ನಮ್ಮ ಸೀಮೆಯಲ್ಲಿ ರಾಗಿಮುದ್ದೆಯನ್ನು ಅಗಿಯುವವನು ಊಟ ಬಾರದವನು. ಸಾರಿನಲ್ಲಿ ಅದ್ದಿ ನುಂಗುವುದೇ ಕ್ರಮ. ಅನ್ನವನ್ನೂ ಮಜ್ಜಿಗೆಯೊಡನೆ ಕಲಸಿ ಸುರಿಯುತ್ತೇವೆ. ಹೊಸ ಜಠರ ಇವೆರಡನ್ನೂ ತಾಳದು. ಚಿಕ್ಕ ತುತ್ತು, ನುಣ್ಣಗಾಗುವವರೆಗೆ ಅಗಿತ, ಊಟದ ನಡುವೆ ನೀರಿಲ್ಲ, ಊಟವಾಗಿ ಅರ್ಧಗಂಟೆಯ ಮೇಲೆ ನೀರು. ಇದನ್ನು ಮೊದಲೇ ರೂಢಿಸಿಕೊಂಡವರಿಗೆ ಮುಂದಿನ ವಾಂತಿ, ಸಂಕಟಗಳು ಎಷ್ಟೋ ಕಡಿಮೆ.

ಕಡೆಯ ಎರಡು ವಾರಗಳದು ಕಠಿಣ ಪಥ್ಯ. ದಿನಕ್ಕೆ ಸುಮಾರು 800ರಿಂದ 1000 ಕ್ಯಾಲೊರಿ ಮಾತ್ರ: ಪ್ರೋಟೀನ್ ಪುಡಿಯ ಪಾನೀಯ, ತಿಳಿಮಜ್ಜಿಗೆ, ತರಕಾರಿ, ಒಂದಿಷ್ಟು ಮೊಳಕೆಕಾಳು, ಅನ್ನ, ಮುದ್ದೆ, ಸಿಹಿ, ಕರಿದದ್ದು ಇಲ್ಲ. ಇದನ್ನು ಕಂಡು ಅಧ್ಯಾಪಕಿ, “ಸಾರ್, ಇಷ್ಟೆಲ್ಲ ಉಪವಾಸ ಇರಬಲ್ಲೆನಾದರೆ ನನಗೆ ಆಪರೇಷನ್ ಏಕೆ ಬೇಕಿತ್ತು?” ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಎರಡು ವಾರ ಯಾರೂ ಇರಬಲ್ಲರು. ಆದರೆ ಪಥ್ಯದಿಂದ ಇಳಿದ ತೂಕವನ್ನು ದೇಹ ನಷ್ಟವೆಂದೇ ಎಣಿಸಿ, ಹಸಿವನ್ನು ಹೆಚ್ಚಿಸಿ, ಶಕ್ತಿಯ ಖರ್ಚನ್ನು ತಗ್ಗಿಸಿ, ಕಳೆದುದನ್ನು ಮರಳಿ ಪಡೆಯಲು ವರ್ಷಗಟ್ಟಲೆ ಹೋರಾಡುತ್ತದೆ. ಈ ಪಥ್ಯದ ಉದ್ದೇಶವೇ ಬೇರೆ. ಯಕೃತ್ತಿನ ಎಡಭಾಗ ಜಠರದ ಮೇಲೆ ಸೂರಿನಂತೆ ಚಾಚಿಕೊಂಡಿರುತ್ತದೆ. ಕೊಬ್ಬು ತುಂಬಿದ ಯಕೃತ್ತು ದಪ್ಪ, ಭಾರ, ಬೇಗ ಗಾಸಿಗೊಳ್ಳುವಂಥದು. ಸಣ್ಣ ರಂಧ್ರಗಳಿಂದ ಒಳಹೊಕ್ಕ ಉಪಕರಣ ಅದನ್ನು ಎತ್ತಿಹಿಡಿದರಷ್ಟೇ ಜಠರ ಕಾಣುವುದು. ಪಿಷ್ಟವನ್ನು ಬಿಟ್ಟಾಗ ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಮತ್ತು ಅದರೊಡನಿರುವ ನೀರು, ಜೊತೆಗೆ ಸ್ವಲ್ಪ ಕೊಬ್ಬೂ ಕರಗಿ ಅದು ಕುಗ್ಗುತ್ತದೆ. ಈ ದಿನಗಳಲ್ಲೇ ನೆಂಟರು, “ಇನ್ನು ಮೇಲೆ ತಿನ್ನಲಾಗುವುದಿಲ್ಲವಲ್ಲ, ಒಂದು ದಿನ ಬಂದು ಹೋಳಿಗೆ ಉಂಡುಹೋಗು” ಎಂದು ಕರೆಯುವುದುಂಟು. ಪ್ರೀತಿಯ ಕರೆಯೇ, ಆದರೆ ಆ ಹೋಳಿಗೆಯ ಲೆಕ್ಕ ಶಸ್ತ್ರವೈದ್ಯರ ಕಣ್ಣಿಗೆ ಬೀಳುತ್ತದೆ.

ಸಕ್ಕರೆ ಕಾಯಿಲೆಯವರು ಪಥ್ಯಕ್ಕೆ ಮೊದಲೇ ಔಷಧದ ಪ್ರಮಾಣವನ್ನು ವೈದ್ಯರಿಂದ ತಗ್ಗಿಸಿಕೊಳ್ಳಬೇಕು; ಊಟ ಇಳಿದು ಮಾತ್ರೆ ಹಾಗೆಯೇ ಉಳಿದರೆ ಸಕ್ಕರೆ ಕುಸಿದೀತು. ಮೂತ್ರದ ಮೂಲಕ ಸಕ್ಕರೆಯನ್ನು ಹೊರಹಾಕುವ ಹೊಸ ಬಗೆಯ ಮಾತ್ರೆಗಳನ್ನು ಮೂರು ನಾಲ್ಕು ದಿನ ಮೊದಲೇ ನಿಲ್ಲಿಸುತ್ತಾರೆ. ತೂಕ ಇಳಿಸಲು ವಾರಕ್ಕೊಮ್ಮೆ ಚುಚ್ಚಿಸಿಕೊಳ್ಳುವ ಸೆಮಾಗ್ಲುಟೈಡ್‌ನಂಥ ಮದ್ದು ಜಠರ ಬರಿದಾಗುವುದನ್ನು ನಿಧಾನಿಸುತ್ತದೆ. ಅದನ್ನು ಅರಿವಳಿಕೆ ತಜ್ಞರಿಗೆ ಹೇಳದಿರಬಾರದು. ನಾಟಿ ಔಷಧ, ಆಯುರ್ವೇದದ ಗುಳಿಗೆ ಯಾವುದಿದ್ದರೂ ಹೇಳಬೇಕು.

ಅಪಾಯವನ್ನು ಕೇಳಿ ತಿಳಿಯಲು ಸಂಕೋಚ ಬೇಡ. 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಮೊದಲ ಬಾರಿಗೆ ಈ ಚಿಕಿತ್ಸೆಗೆ ಒಳಗಾದ 4,776 ಮಂದಿಯಲ್ಲಿ ಮೂವತ್ತು ದಿನಗಳೊಳಗೆ ತೀರಿಕೊಂಡವರು ಶೇಕಡ 0.3. ಹೊಲಿಗೆ ಸೋರುವುದು, ರಕ್ತಸ್ರಾವ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಏರುವುದು ಇವು ಮುಖ್ಯ ತೊಡಕುಗಳು. ನೀವು ಇಂಥವೆಷ್ಟು ಮಾಡಿದ್ದೀರಿ, ತೊಡಕಾದರೆ ರಾತ್ರಿ ಯಾರಿರುತ್ತಾರೆ, ನನಗೆ ಸ್ಲೀವ್ ಏಕೆ, ಬೈಪಾಸ್ ಏಕಲ್ಲ ಎಂದು ವೈದ್ಯರನ್ನು ಕೇಳುವುದು ಉದ್ಧಟತನವಲ್ಲ. ಒಪ್ಪಿಗೆಯ ಪತ್ರಕ್ಕೆ ರುಜು ಹಾಕುವವರು ತಾವೇ ತಾನೆ?

ಹಿಂದಿನ ದಿನ ಬರೀ ತಿಳಿದ್ರವಗಳು. ಕಡೆಯ ಆರೇಳು ಗಂಟೆ ಘನಾಹಾರವಿಲ್ಲ, ಕಡೆಯ ಎರಡು ಗಂಟೆ ನೀರೂ ಇಲ್ಲ. ಉದರರೋಗಗಳಲ್ಲಿ ಉಣ್ಣದವನ ಮೇಲೆಯೇ ಶಸ್ತ್ರಕರ್ಮ ಮಾಡಬೇಕೆಂದು ಸುಶ್ರುತನೂ ಹೇಳಿದ್ದಾನೆ. ಬೆಳಿಗ್ಗೆ ಕಾಲಿಗೆ ಬಿಗಿಯಾದ ಚೀಲ ತೊಡಿಸುತ್ತಾರೆ, ತಾಳಿ ಬಳೆಗಳನ್ನು ತೆಗೆಯಹೇಳುತ್ತಾರೆ. ಮನೆಯ ಹಿರಿಯರಿಗೆ ಇದನ್ನು ಮೊದಲೇ ತಿಳಿಸಿರುವುದು ಒಳ್ಳೆಯದು. ಎಚ್ಚರವಾದ ಕೆಲವು ಗಂಟೆಗಳಲ್ಲಿಯೇ, ನೋವಿದ್ದರೂ, ದಾದಿಯರು ಎಬ್ಬಿಸಿ ನಡೆಸುತ್ತಾರೆ; ರಕ್ತ ಹೆಪ್ಪುಗಟ್ಟದಿರಲು ಅದೇ ದೊಡ್ಡ ರಕ್ಷೆ. ನಮ್ಮ ಅಧ್ಯಾಪಕಿ ಅದಕ್ಕಾಗಿ ತಿಂಗಳ ಮೊದಲಿನಿಂದ ಶಾಲೆಯ ಅಂಗಳದಲ್ಲಿ ಸಂಜೆ ಅರ್ಧಗಂಟೆ ನಡೆಯುತ್ತಿದ್ದರು. ಆ ಸಂಜೆ ಆಸ್ಪತ್ರೆಯ ಓಣಿಯಲ್ಲಿ, ಸಲೈನಿನ ಕಂಬ ಹಿಡಿದು, ಎರಡು ಸುತ್ತು ಬಂದರು.