ಹೊಲಗದ್ದೆಗಳ ಪಾಚಿ

ನಾಗಮಂಗಲದ ಕಡೆಯ ನಮ್ಮ ಹಳೆಯ ಶಿಷ್ಯನೊಬ್ಬನು ಕಳೆದ ಮುಂಗಾರಿನಲ್ಲಿ ಹಣ ತೆತ್ತು ಪಾಚಿಯ ಪುಡಿಯನ್ನು ತಂದು ತನ್ನ ರಾಗಿಯ ಹೊಲಕ್ಕೆ ಎರಚಿದನು. ಶ್ರೀರಂಗಪಟ್ಟಣದ ಅವನ ಬೀಗರು ಅದೇ ಪುಡಿಯನ್ನು ಬತ್ತದ ಗದ್ದೆಗೆ ಹಾಕಿ ಫಲವನ್ನು ಕಂಡಿದ್ದರಂತೆ. ಇವನಿಗೆ ಏನೂ ದೊರೆಯಲಿಲ್ಲ. “ಮೇಷ್ಟ್ರೇ, ಪುಡಿ ಕೆಟ್ಟದ್ದೋ, ನನ್ನ ಮಣ್ಣು ಕೆಟ್ಟದ್ದೋ?” ಎಂದು ಕೇಳಿದನು. ಎರಡೂ ಅಲ್ಲವೆಂದು ನಾವು ಹೇಳಬೇಕಾಯಿತು.

ಅಮರಕೋಶದಲ್ಲಿ ಪಾಚಿಗೆ ಶೈವಲವೆಂಬುದರ ಜತೆಗೆ ಜಲನೀಲೀ ಎಂಬ ಹೆಸರೂ ಉಂಟು. ಹೆಸರೇನೋ ಸೊಗಸಾದುದೇ, ಆದರೆ ಪಾಚಿಯು ನೀರಿನಲ್ಲಿ ಮಾತ್ರವೇ ಇರುವುದೆಂದು ಭ್ರಮಿಸಬಾರದು. ಬೇಸಗೆಯಲ್ಲಿ ಕಾದ ಹೊಲದ ಮೇಲ್ಮಣ್ಣಿನಲ್ಲಿಯೂ ಕಣ್ಣಿಗೆ ಕಾಣದ ಪಾಚಿಗಳು ಒಣಗಿ ಮಲಗಿರುವುವು. ನಾಸ್ಟಾಕ್ ಎಂಬ ಜಾತಿಯು ವರ್ಷಗಟ್ಟಲೆ ಒಣಗಿದ್ದರೂ ಮಳೆ ಬಿದ್ದೊಡನೆ ಉಬ್ಬಿ ಲೋಳೆಯಾಗಿ ಮತ್ತೆ ಜೀವ ತಳೆಯುವುದು. ಇವುಗಳ ಸೂಕ್ಷ್ಮಕಣಗಳನ್ನು ಗಾಳಿಯೂ ನೀರೂ ಎಲ್ಲೆಡೆಗೂ ಒಯ್ಯುವುವು. ಆದರೆ ಯಾವುದು ನೆಲೆನಿಲ್ಲಬೇಕೆಂಬುದನ್ನು ಆಯಾ ನೆಲದ ತೇವ, ಬೆಳಕು, ಹುಳಿ ಅಥವಾ ಕ್ಷಾರಗುಣ, ರಂಜಕದ ಅಂಶ ಇವು ನಿರ್ಣಯಿಸುವುವು. ಹುಳಿಮಣ್ಣಿನಲ್ಲಿ ಹಸುರು ಪಾಚಿಗಳದೇ ಮೇಲುಗೈ. ಹುಳಿಯಿಲ್ಲದ, ಅಥವಾ ತುಸು ಕ್ಷಾರವಾದ ಮಣ್ಣಿನಲ್ಲಿ ನೀಲಹರಿತ ಪಾಚಿಗಳು ಹುಲುಸಾಗುವುವು.

ಈ ನೀಲಹರಿತಗಳೇ ರೈತನಿಗೆ ಬೇಕಾದವು. ವಾಯುವಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚಾಗಿರುವ ಸಾರಜನಕವನ್ನು ಬತ್ತದ ಪೈರು ನೇರವಾಗಿ ಹೀರಲಾರದು; ಇವುಗಳಲ್ಲಿ ಕೆಲವು ಜಾತಿಗಳು ಹೀರಬಲ್ಲವು, ಸತ್ತು ಕೊಳೆತಾಗ ಅದನ್ನು ಪೈರಿಗೆ ಬಿಟ್ಟುಕೊಡುವುವು. ಬತ್ತದ ಗದ್ದೆಯ ಸಾರವು ಉಳಿಯುವುದರಲ್ಲಿ ಇವುಗಳ ಪಾತ್ರವನ್ನು ಪಿ. ಕೆ. ಡೇ ಎಂಬ ವಿಜ್ಞಾನಿಯು 1939ರಲ್ಲಿ ತೋರಿಸಿಕೊಟ್ಟನು. ಅನುಕೂಲವಾದ ಗದ್ದೆಯಲ್ಲಿ ಒಂದು ಬೆಳೆಗೆ ಹೆಕ್ಟೇರಿಗೆ 20ರಿಂದ 30 ಕಿಲೋಗ್ರಾಂ ಸಾರಜನಕವು ಹೀಗೆ ದೊರೆಯುವುದೆಂಬುದು ವಾಡಿಕೆಯ ಲೆಕ್ಕ. ಯೂರಿಯಾವನ್ನು ಧಾರಾಳವಾಗಿ ಸುರಿದರೆ ಮಾತ್ರ ಅವು ಈ ಕೆಲಸವನ್ನು ಬಿಟ್ಟು ಸುಮ್ಮನಾಗುವುವು. ಬಿಟ್ಟಿ ಊಟ ಸಿಕ್ಕಿದರೆ ದುಡಿಯುವವರಾರು!

ಶ್ರೀರಂಗಪಟ್ಟಣ, ಪಾಂಡವಪುರಗಳ ಕಾವೇರಿ ನಾಲೆಯ ಗದ್ದೆಗಳಲ್ಲಿಯೂ, ಕೃಷ್ಣರಾಜಪೇಟೆಯ ಹೇಮಾವತಿ ನಾಲೆಯ ಬಯಲಿನಲ್ಲಿಯೂ ನೀರು ನಿಲ್ಲುವುದು. ಬಿಸಿಲಿಗೆ ಬೆಚ್ಚಗಾದ ಆ ನೀರೇ ಇವಕ್ಕೆ ತವರುಮನೆ. ನೀರು ಬಸಿಯದೆ ಚೌಳಾದ ತಗ್ಗುನೆಲದಲ್ಲಿಯೂ ಇವುಗಳಲ್ಲಿ ಕೆಲವು ಬದುಕುವುವು. ಆದರೆ ಗದ್ದೆಯ ಪಾಚಿಯೆಲ್ಲವೂ ಹಿತವಲ್ಲ. ಎಳೆಎಳೆಯಾಗಿ ಹೆಣೆದುಕೊಳ್ಳುವ ಹಸುರು ನಾರುಪಾಚಿಯು ಎಳೆಯ ಪೈರನ್ನು ಅಮುಕಿಬಿಡುವುದು. ಅದನ್ನು ತೆಗೆಯಲೇಬೇಕು.

ನಾಗಮಂಗಲದ ಕೆಂಪು ಮರಳುಮಣ್ಣಿನಲ್ಲಿ ಮಳೆನೀರು ಬೇಗ ಇಂಗಿಹೋಗುವುದು. ಅಲ್ಲಿನ ಪಾಚಿಯು ಕೆಲವು ದಿನ ಹಸುರಾಗಿ, ಮಣ್ಣಿನ ಕಣಗಳನ್ನು ಲೋಳೆಯಿಂದ ಬಂಧಿಸಿ, ತೆಳ್ಳನೆಯ ಹೊರಪದರವಾಗಿ ಒಣಗುವುದು. ಮಣ್ಣು ಕೊಚ್ಚಿಹೋಗದಂತೆ ತಡೆಯುವುದೇ ಅದರ ಉಪಕಾರ. ನಿಂತ ನೀರಿಗೆಂದು ಬೆಳೆಸಿದ ಪುಡಿಯು ಅಲ್ಲಿ ಏನು ಮಾಡೀತು?

ಶಿಷ್ಯನಿಗೆ ಕೆರೆಯ ಹಿಂದೆ ತುಂಡು ಗದ್ದೆಯೊಂದುಂಟು. ನಾಟಿಯಾದ ಒಂದು ವಾರದ ಮೇಲೆ, ನೀರು ನಿಲ್ಲಿಸಿ, ಉಳಿದ ಪುಡಿಯನ್ನು ಅಲ್ಲಿ ಎರಚೆಂದು ಹೇಳಿದ್ದೇವೆ. ಚೀಲವು ಅಟ್ಟದ ಮೇಲಿದೆ. ಕೆರೆಗೆ ಇನ್ನೂ ನೀರು ಬಂದಿಲ್ಲ.