ಪರ್ವತಯಾತ್ರೆಯೂ ಆತುರವೂ

ಬೇಸಗೆಯು ಮುಗಿಯುತ್ತ ಬಂದು ಹಿಮಾಲಯದ ಕಣಿವೆಗಳಲ್ಲಿ ಮಂಜು ಕರಗಿ ದಾರಿಗಳು ತೆರೆದೊಡನೆಯೇ, ನಮ್ಮ ನಾಡಿನ ತರುಣ ತರುಣಿಯರಲ್ಲಿ ಅನೇಕರು ಬೈಸಿಕಲ್ಲುಗಳನ್ನೂ ಮೋಟಾರ್ ಸೈಕಲ್ಲುಗಳನ್ನೂ ಸಜ್ಜುಗೊಳಿಸಿಕೊಂಡು ಲಡಾಖಿನ ಕಡೆಗೆ ಹೊರಡುವುದು ಈಗ ವರ್ಷೇವರ್ಷೇ ಕಂಡುಬರುವ ಸಂಗತಿಯಾಗಿದೆ. ಕೆಲವರು ವಾಹನವನ್ನು ರೈಲಿನಲ್ಲಿ ಮುಂದಾಗಿ ಕಳುಹಿಸುವರು. ಕೆಲವರು ಅಲ್ಲಿಯೇ ಬಾಡಿಗೆಗೆ ಹಿಡಿಯುವರು. ಬೆಂಗಳೂರಿನಿಂದಲೇ ಚಕ್ರವನ್ನುರುಳಿಸುತ್ತ ಹೋಗುವ ಧೀರರೂ ಉಂಟು. ಈ ಪ್ರವೃತ್ತಿಯನ್ನು ಹಳಿಯುವವರ ಗುಂಪಿಗೆ ನಾವು ಸೇರಿದವರಲ್ಲ. ಕುರ್ಚಿಯ ಮೇಲೆ ಕುಳಿತು ದೇಶವನ್ನು ಕೊಂಡಾಡುವವನಿಗಿಂತ, ಮೈಬೆವರಿಳಿಸಿ ಅದರ ಬೆಟ್ಟಗಳನ್ನು ಹತ್ತಿಳಿದವನು ದೇಶವನ್ನು ಹೆಚ್ಚು ಬಲ್ಲನೆಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಈ ಯಾತ್ರೆಯನ್ನು ಕೈಕೊಳ್ಳುವ ರೀತಿಯಲ್ಲಿ ಒಂದು ದೋಷವು ಸೇರಿಕೊಂಡಿದೆ. ಅದರ ಹೆಸರು ಆತುರ. ಬಯಲುಸೀಮೆಯಲ್ಲಿ ಆತುರಕ್ಕೆ ತೆರಬೇಕಾದ ದಂಡವು ಅಲ್ಪವಾಗಿರಬಹುದು. ಅಷ್ಟು ಎತ್ತರದಲ್ಲಿ ಪ್ರಾಣವನ್ನೇ ತೆರಬೇಕಾದೀತು. ಆದಕಾರಣ ಈ ವಿಷಯವನ್ನು ವಾಚಕರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಮೊದಲು ಎತ್ತರದ ಲೆಕ್ಕವನ್ನು ನೋಡೋಣ. ನಮ್ಮ ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರವು ಸುಮಾರು 1,930 ಮೀಟರು. ಲಡಾಖಿನ ಯಾತ್ರೆಯನ್ನು ಹೆಚ್ಚಿನವರು ಆರಂಭಿಸುವ ಮನಾಲಿಯು 2,050 ಮೀಟರಿನಷ್ಟು ಎತ್ತರದಲ್ಲಿದೆ. ಎಂದರೆ ನಮ್ಮ ನಾಡಿನ ನೆತ್ತಿಗಿಂತಲೂ ಅಲ್ಲಿಯ ಮೆಟ್ಟಿಲು ಮೇಲಿದೆ. 2020ನೆಯ ಇಸವಿಯ ಅಕ್ಟೋಬರಿನಲ್ಲಿ ಒಂಬತ್ತು ಕಿಲೋಮೀಟರು ಉದ್ದದ ಅಟಲ್ ಸುರಂಗವು ತೆರೆದ ಮೇಲೆ ಮನಾಲಿಯಿಂದ ಲೇಹಕ್ಕೆ ಸುಮಾರು 430 ಕಿಲೋಮೀಟರು. ಈ ದೂರದೊಳಗೆ ಬಾರಾಲಾಚಾ, ನಕೀ, ಲಾಚುಂಗ್, ತಂಗ್ಲಂಗ್ ಎಂಬ ನಾಲ್ಕು ಕಣಿವೆದಾರಿಗಳನ್ನು ದಾಟಬೇಕು. ಮೊದಲನೆಯದೇ 4,800 ಮೀಟರನ್ನು ಮೀರಿದ್ದು. ಕೊನೆಯದು 5,300 ಮೀಟರನ್ನೂ ಮೀರಿದ್ದು. ಇಷ್ಟು ಎತ್ತರದಲ್ಲಿ ವಾಯುವಿನ ಒತ್ತಡವು ಸಮುದ್ರತೀರದಲ್ಲಿರುವುದರ ಅರ್ಧದಷ್ಟು ಮಾತ್ರ. ಒಂದೊಂದು ಉಸಿರಿಗೂ ದೊರೆಯುವ ಪ್ರಾಣವಾಯುವು ಅಷ್ಟೇ ಕಡಮೆ.

ಮನುಷ್ಯದೇಹವು ಈ ಕೊರತೆಗೆ ಹೊಂದಿಕೊಳ್ಳಬಲ್ಲುದು. ಆದರೆ ಅದಕ್ಕೆ ದಿನಗಳು ಬೇಕು. ಉಸಿರಾಟವು ಆಳವಾಗಬೇಕು, ರಕ್ತದ ಗುಣವು ಬದಲಾಗಬೇಕು. ವೈದ್ಯರು ಒಪ್ಪಿರುವ ನಿಯಮವೇನೆಂದರೆ, 3,000 ಮೀಟರಿನಿಂದಾಚೆಗೆ ಮಲಗುವ ಸ್ಥಳದ ಎತ್ತರವನ್ನು ದಿನವೊಂದಕ್ಕೆ 500 ಮೀಟರಿಗಿಂತ ಹೆಚ್ಚಾಗಿ ಏರಿಸಬಾರದು. ಮೂರು ನಾಲ್ಕು ದಿನಗಳಿಗೊಮ್ಮೆ ಒಂದು ದಿನ ವಿಶ್ರಮಿಸಬೇಕು. ಮನಾಲಿಯಲ್ಲಿ ಉಪಾಹಾರ ಮಾಡಿದ ಮೋಟಾರ್ ಸೈಕಲ್ಲಿನ ಸವಾರನು ಅದೇ ಸಾಯಂಕಾಲ ಸರ್ಚುವಿನ ಗುಡಾರದಲ್ಲಿ ಮಲಗುವುದುಂಟು. ಸರ್ಚುವಿನ ಎತ್ತರವು ಸುಮಾರು 4,290 ಮೀಟರು! ನಾಲ್ಕು ರಾತ್ರಿಗಳಲ್ಲಿ ಏರಬೇಕಾದುದನ್ನು ಅವನು ಒಂದೇ ಹಗಲಿನಲ್ಲಿ ಏರಿರುತ್ತಾನೆ. ರಾತ್ರಿ ತಲೆನೋವು, ವಾಕರಿಕೆ, ನಿದ್ರಾಭಂಗ. ಇದನ್ನು ದಣಿವೆಂದು ತಿಳಿದು ಮರುದಿನ ಇನ್ನೂ ಮೇಲಕ್ಕೆ ಹೋದರೆ ಶ್ವಾಸಕೋಶದಲ್ಲಿಯೋ ಮೆದುಳಿನಲ್ಲಿಯೋ ನೀರು ತುಂಬಬಹುದು. ಸುಮ್ಮನೆ ಕುಳಿತಿದ್ದರೂ ಏದುಸಿರು, ಬಿಡದ ಕೆಮ್ಮು, ತೂರಾಡುವ ನಡಿಗೆ, ತಪ್ಪುವ ಮಾತು: ಇವು ಮೃತ್ಯುವು ಬಾಗಿಲಲ್ಲಿ ನಿಂತಿರುವುದರ ಗುರುತುಗಳು. ಆಗ ಮಾಡಬೇಕಾದ ಮುಖ್ಯ ಚಿಕಿತ್ಸೆ ಒಂದೇ. ಬೆಳಗಾಗಲೆಂದು ಕಾಯದೆ ರೋಗಿಯನ್ನು ಕೆಳಕ್ಕೆ ಇಳಿಸುವುದು. ಗರಡಿಯಲ್ಲಿ ಪಳಗಿದ ಮೈಯೆಂದು ಈ ವ್ಯಾಧಿಯು ದಾಕ್ಷಿಣ್ಯ ತೋರುವುದಿಲ್ಲ. ಬಲಶಾಲಿಯಾದ ಯುವಕನೂ ದುರ್ಬಲನಷ್ಟೇ ಇದಕ್ಕೆ ತುತ್ತಾಗಬಲ್ಲನು. ಬಲದ ಅಹಂಕಾರದಿಂದ ಅವನು ತಡವಾಗಿ ಎಚ್ಚರಗೊಳ್ಳುವ ಭಯವೂ ಉಂಟು.

ಇಲ್ಲಿಯೇ ಬೈಸಿಕಲ್ಲಿನ ಹಿರಿಮೆಯು ಗೋಚರಿಸುತ್ತದೆ. ಕಾಲಿನ ಬಲದಿಂದ ಏರುವವನು ದಿನಕ್ಕೆ ನಲವತ್ತು ಐವತ್ತು ಕಿಲೋಮೀಟರು ಹೋದರೆ ಹೆಚ್ಚು. ಲೇಹವನ್ನು ಮುಟ್ಟಲು ಅವನಿಗೆ ಎಂಟು ಹತ್ತು ದಿನಗಳು ಹಿಡಿಯುವುವು. ಈ ನಿಧಾನವೇ ಅವನಿಗೆ ಕವಚವಾಗಿದೆ. ಎತ್ತರವನ್ನು ಅವನ ದೇಹವು ತಾನೇ ಗಳಿಸಿರುವುದರಿಂದ ದೇಹಕ್ಕೆ ಅದರ ಅರಿವು ಇರುತ್ತದೆ. ಮೋಟಾರ್ ಸೈಕಲ್ಲಿನವನಾದರೋ ಯಂತ್ರವು ಗಳಿಸಿದ ಎತ್ತರವನ್ನು ಸಾಲವಾಗಿ ಪಡೆದವನು. ಸಾಲಿಗನು ರಾತ್ರಿ ಬಂದು ಬಾಗಿಲು ತಟ್ಟುತ್ತಾನೆ. ಫ್ರಾನ್ಸ್ ದೇಶದ ಸೇಂಟ್ ಎಟಿಯೆನ್ ನಗರದಲ್ಲಿ ಬಾಳಿದ ಪೌಲ್ ದ ವಿವೀ (1853–1930) ಎಂಬ ಮಹನೀಯನು ಬೈಸಿಕಲ್ಲಿನ ಪ್ರವಾಸಕ್ಕಾಗಿಯೇ 1887ರಲ್ಲಿ ಒಂದು ಪತ್ರಿಕೆಯನ್ನು ಆರಂಭಿಸಿ, ಬೆಟ್ಟಗಳನ್ನು ಏರಲು ಅನುಕೂಲವಾಗುವಂತೆ ಗೇರುಗಳ ಬಳಕೆಗಾಗಿ ಬಹುಕಾಲ ವಾದಿಸಿದನು. ಹಸಿಯುವ ಮೊದಲೇ ತಿನ್ನಬೇಕು, ಬಾಯಾರುವ ಮೊದಲೇ ಕುಡಿಯಬೇಕು, ಪ್ರತಿಷ್ಠೆಗಾಗಿ ಎಂದಿಗೂ ತುಳಿಯಬಾರದು ಎಂಬುದು ಅವನ ಉಪದೇಶದ ಸಾರ. ಆಲ್ಪ್ಸ್ ಪರ್ವತಗಳಿಗೆ ಸಲ್ಲುವ ಈ ಮಾತು ಹಿಮಾಲಯಕ್ಕೆ ಇಮ್ಮಡಿಯಾಗಿ ಸಲ್ಲುತ್ತದೆ.

ಹಾಗೆಂದು ಮೋಟಾರ್ ಸೈಕಲ್ಲನ್ನು ಬಿಟ್ಟುಬಿಡಿರೆಂದು ನಾವು ಹೇಳುವುದಿಲ್ಲ. 1961ರಿಂದ 1996ರ ವರೆಗೆ ಐಡಿಯಲ್ ಜಾವಾ ಕಾರ್ಖಾನೆಯು ಮೈಸೂರಿನಲ್ಲಿಯೇ ಜಾವಾ, ಯೆಜ್ಡಿ ಗಾಡಿಗಳನ್ನು ತಯಾರಿಸಿ ದೇಶಕ್ಕೆಲ್ಲ ಒದಗಿಸಿತು. ಅವುಗಳ ಸದ್ದನ್ನು ಕೇಳಿ ಬೆಳೆದ ನಾಡು ಈ ವಾಹನವನ್ನು ಕಡೆಗಣಿಸಲಾರದು. ನಾವು ಹೇಳುವುದಿಷ್ಟೇ: ಮೋಟಾರಿನ ಮೇಲೆ ಕುಳಿತರೂ ಬೈಸಿಕಲ್ಲಿನವನ ಮನಸ್ಸನ್ನು ಇಟ್ಟುಕೊಳ್ಳಿರಿ. ಯಂತ್ರಕ್ಕೂ ಉಸಿರಾಟವುಂಟು. ವಾಯುವು ತೆಳುವಾದಂತೆ ಅದರ ಶಕ್ತಿಯೂ ಕುಗ್ಗುತ್ತದೆ. ಹಳೆಯ ಕಾರ್ಬುರೇಟರಿನ ಗಾಡಿಗಳಲ್ಲಿ ಗಾಳಿಗೆ ಮೀರಿದ ಪೆಟ್ರೋಲು ಸೇರಿ ಕಪ್ಪು ಹೊಗೆಯೇಳುತ್ತದೆ. ಇಳಿಜಾರಿನಲ್ಲಿ ಬ್ರೇಕನ್ನೇ ಒತ್ತುತ್ತ ಹೋದರೆ ಅದು ಕಾಯ್ದು ಹಿಡಿತವನ್ನು ಕಳೆದುಕೊಳ್ಳುತ್ತದೆ. ಕೆಳಗಿನ ಗೇರಿನಲ್ಲಿ ಇಂಜಿನ್ನಿನಿಂದಲೇ ವೇಗವನ್ನು ತಡೆಯತಕ್ಕದ್ದು. ದಾರಿಗೆ ಅಡ್ಡವಾಗಿ ಹರಿಯುವ ಹಳ್ಳಗಳು ಬೆಳಗ್ಗೆ ಮೊಣಕಾಲಿನ ಕೆಳಗಿದ್ದು, ಮಧ್ಯಾಹ್ನದ ಬಿಸಿಲಿಗೆ ಹಿಮವು ಕರಗಿದ ಮೇಲೆ ಉಕ್ಕಿ ಬರುವುವು. ಅವನ್ನು ಹೊತ್ತಿಗೆ ಮುಂಚೆ ದಾಟುವುದೇ ವಿವೇಕ. ಕೇಲಾಂಗಿಗೆ ಮುಂಚೆ ತಾಂಡಿ ಎಂಬಲ್ಲಿಯ ಪೆಟ್ರೋಲ್ ಬಂಕಿನಲ್ಲಿ, ಮುಂದಿನ ಬಂಕು 365 ಕಿಲೋಮೀಟರು ದೂರದಲ್ಲಿದೆಯೆಂದು ಬರೆದ ಫಲಕವು ಪ್ರವಾಸಿಗರಲ್ಲಿ ಪ್ರಸಿದ್ಧವಾದುದು. ಅದನ್ನು ಚಿತ್ರಕ್ಕಾಗಿ ಮಾತ್ರ ನೋಡದೆ ಎಚ್ಚರಿಕೆಯೆಂದು ಓದಬೇಕು.

ಯಾವ ದಾರಿಯಿಂದ ಹೋಗುವುದು ಮೇಲೆಂದು ಕೇಳುವವರಿಗೆ ನಮ್ಮ ಸಲಹೆ ಇದು. ಶ್ರೀನಗರದಿಂದ ಹೊರಟರೆ ಜೋಜಿ ಲಾ ಕಣಿವೆಯನ್ನು ದಾಟಿ ಕಾರ್ಗಿಲಿನಲ್ಲಿ 2,700 ಮೀಟರಿನ ಆಸುಪಾಸಿನಲ್ಲಿ ತಂಗಬಹುದು. ಅಲ್ಲಿಂದ ಲಾಮಾಯುರು, ಅನಂತರ ಸುಮಾರು 3,500 ಮೀಟರು ಎತ್ತರದ ಲೇಹ. ಏರಿಕೆಯು ಈ ಮಾರ್ಗದಲ್ಲಿ ಮೃದುವಾಗಿದೆ. ಹೋಗುವಾಗ ಶ್ರೀನಗರ, ಬರುವಾಗ ಮನಾಲಿ ಎಂಬ ಕ್ರಮವನ್ನು ಹಿಡಿದರೆ ದೊಡ್ಡ ಕಣಿವೆಗಳನ್ನು ದಾಟುವ ಹೊತ್ತಿಗೆ ದೇಹವು ಸಿದ್ಧವಾಗಿರುತ್ತದೆ. ಮನಾಲಿಯಿಂದಲೇ ಹೋಗಬೇಕಾದವರು ಕೇಲಾಂಗ್, ಜಿಸ್ಪಾಗಳಲ್ಲಿ ಎರಡು ಮೂರು ರಾತ್ರಿಗಳನ್ನಾದರೂ ಕಳೆಯತಕ್ಕದ್ದು. ಔಷಧವನ್ನು ವೈದ್ಯರ ಮಾತಿಲ್ಲದೆ ಸೇವಿಸಬಾರದು; ಔಷಧವು ದೊರೆಯಿತೆಂದು ದಿನಗಳನ್ನು ಕಡಮೆ ಮಾಡಲೂಬಾರದು.

ಇನ್ನು ಫಲಕಗಳ ಮೋಹ. ಖಾರ್ದುಂಗ್ ಲಾ ಕಣಿವೆಯ ಎತ್ತರವು 18,380 ಅಡಿಯೆಂದು ಬಹುವರ್ಷ ಫಲಕಗಳಲ್ಲಿ ಬರೆದಿತ್ತು. ಅಳೆದು ನೋಡಿದವರು ಅದು 17,600 ಅಡಿಯ ಒಳಗೇ ಇರುವುದೆಂದು ಕಂಡುಕೊಂಡರು. ಅನಂತರ ಉಮ್ಲಿಂಗ್ ಲಾ ಎಂಬಲ್ಲಿ 19,000 ಅಡಿಯನ್ನು ಮೀರಿದ ಮಾರ್ಗವು ಸಿದ್ಧವಾಯಿತೆಂದು 2021ರಲ್ಲಿ ಪ್ರಕಟವಾಗಲು ಸವಾರರ ಗುರಿಯೂ ಅತ್ತ ತಿರುಗಿತು. ಅಂಕಿಯ ಬೆನ್ನು ಹತ್ತಿದವನಿಗೆ ಕೊನೆಯೆಂಬುದಿಲ್ಲ. ಫಲಕದ ಪಕ್ಕದಲ್ಲಿ ನಿಂತು ಚಿತ್ರ ತೆಗೆಯಿಸಿಕೊಂಡು ಹತ್ತು ನಿಮಿಷದಲ್ಲಿ ಇಳಿದುಬಂದವನು ಪರ್ವತದಿಂದ ಏನನ್ನು ಕಲಿತನು?

ಕಲಿಯಬೇಕಾದ ಪಾಠವು ದಾರಿಯ ಮಗ್ಗುಲಲ್ಲಿಯೇ ಕುಳಿತಿದೆ. 1960ರಲ್ಲಿ ಸ್ಥಾಪಿತವಾದ ಗಡಿ ರಸ್ತೆಗಳ ಸಂಸ್ಥೆಯು ಈ ಮಾರ್ಗಗಳನ್ನು ಕಾಪಾಡುತ್ತಿದೆ. ಅದರ ಕೆಲಸದಲ್ಲಿ ಕಲ್ಲೊಡೆದು, ಟಾರು ಕಾಯಿಸಿ, ಕುಸಿದ ಮಣ್ಣನ್ನು ಎತ್ತಿಹಾಕುವವರಲ್ಲಿ ಅನೇಕರು ಜಾರ್ಖಂಡದ ದುಮ್ಕಾ ಮೊದಲಾದ ಬಯಲು ಜಿಲ್ಲೆಗಳಿಂದ ಹೊಟ್ಟೆಪಾಡಿಗಾಗಿ ಬಂದ ಕೂಲಿಕಾರರು. ನಾವು ಒಂದು ವಾರ ಸಹಿಸಿ ಕೊಂಡಾಡಿಕೊಳ್ಳುವ ಚಳಿಯನ್ನೂ ತೆಳುಗಾಳಿಯನ್ನೂ ಅವರು ತಿಂಗಳುಗಟ್ಟಲೆ ಸಹಿಸುತ್ತಾರೆ. ಅವರ ಚಿತ್ರವನ್ನು ಯಾರೂ ಫಲಕದ ಪಕ್ಕದಲ್ಲಿ ತೆಗೆಯುವುದಿಲ್ಲ. ಲೇಹದಲ್ಲಿ ವರ್ಷಕ್ಕೆ ಬೀಳುವ ಮಳೆಯು ಸುಮಾರು ನೂರು ಮಿಲಿಮೀಟರು ಮಾತ್ರ. ಅಲ್ಲಿಯ ಜನರಿಗೆ ಹಿಮ ಕರಗಿದ ನೀರೇ ಜೀವನಾಧಾರ. ಅಂಥ ಊರಿನಲ್ಲಿ ನೀರನ್ನು ಪೋಲುಮಾಡುವುದೂ, ಚಾಂಗ್ಪಾ ಕುರುಬರ ಆಡುಕುರಿಗಳು ಮೇಯುವ ಹುಲ್ಲುಗಾವಲಿನಲ್ಲಿ ಚಕ್ರಗಳನ್ನೋಡಿಸುವುದೂ ಅತಿಥಿಗಳಿಗೆ ತಕ್ಕ ನಡತೆಯಲ್ಲ. ಮೆಲ್ಲಗೆ ಹೋಗುವವನಿಗೆ ಇವೆಲ್ಲವೂ ಕಾಣುತ್ತವೆ; ಅವಸರದವನಿಗೆ ರಸ್ತೆಯೊಂದೇ ಕಾಣುತ್ತದೆ.

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಬದರಿ ಕೇದಾರಗಳಿಗೆ ಕಾಲ್ನಡಿಗೆಯಿಂದ ಹೋಗುತ್ತಿದ್ದ ಅವರು ತಿಂಗಳುಗಳನ್ನೇ ದಾರಿಗೆ ಮೀಸಲಿಡುತ್ತಿದ್ದರು. ಇಂದಿನ ತರುಣನಿಗೆ ಕಛೇರಿಯು ಕೊಡುವ ರಜೆಯು ಒಂದು ವಾರ. ಸೋಮವಾರ ಬೆಳಗ್ಗೆ ಅವನು ಮೇಜಿನ ಮುಂದೆ ಹಾಜರಿರಬೇಕು. ಆತುರದ ಮೂಲವು ಅವನ ಸ್ವಭಾವದಲ್ಲಿ ಮಾತ್ರವಲ್ಲದೆ ಈ ಲೆಕ್ಕದಲ್ಲಿಯೂ ಇದೆ. ಆದುದರಿಂದ ಎರಡು ವಾರಗಳ ರಜೆಯು ದೊರೆಯದ ವರ್ಷದಲ್ಲಿ ಲಡಾಖನ್ನು ಮುಂದಿನ ವರ್ಷಕ್ಕೆ ಬಿಟ್ಟು, ಕೆಮ್ಮಣ್ಣುಗುಂಡಿಗೋ ಆಗುಂಬೆಗೋ ಕೊಡಗಿಗೋ ಹೋಗಿಬನ್ನಿರೆಂದು ತರುಣರಲ್ಲಿಯೂ, ಕೇಳಿದ ನಾಲ್ಕು ದಿನಗಳನ್ನು ಹೆಚ್ಚಾಗಿ ಕೊಡಿರೆಂದು ಅವರ ಯಜಮಾನರಲ್ಲಿಯೂ, ಎಲ್ಲಿಗೆ ಮುಟ್ಟಿದೆಯೆಂದು ಕೇಳುವುದರ ಬದಲು ಎಲ್ಲಿ ಮಲಗುವೆಯೆಂದು ಕೇಳಿರೆಂದು ಅವರ ತಾಯಿತಂದೆಗಳಲ್ಲಿಯೂ ವಿನಂತಿಸುತ್ತೇವೆ. ಪರ್ವತವು ಎಲ್ಲಿಗೂ ಓಡಿಹೋಗುವುದಿಲ್ಲ. ಅದನ್ನು ನೋಡಲು ಹೋದ ಮಗನೋ ಮಗಳೋ ಕ್ಷೇಮವಾಗಿ ಮನೆಗೆ ಹಿಂದಿರುಗಬೇಕು.